ನಡುರಾತ್ರಿ ನಾಯಿಗೆ ಜೀವಾಪಾಯ: ಎಲ್ಲಿಗೆ ಒಯ್ಯುವುದು?

ಬೆಂಗಳೂರು: ರಾತ್ರಿ ಹನ್ನೊಂದೂವರೆ. ಊಟ ಮುಗಿಸಿ ಮಲಗಿದ್ದ ಎಂಟು ವರ್ಷದ ಜರ್ಮನ್ ಶೆಫರ್ಡ್ ನಾಯಿ ಎದ್ದು ಅತ್ತಿತ್ತ ತಿರುಗಾಡತೊಡಗುತ್ತದೆ. ಮತ್ತೆ ಮತ್ತೆ ವಾಂತಿಗೆ ಯತ್ನಿಸುತ್ತದೆ. ನೊರೆಯ ಹೊರತು ಏನೂ ಬರುವುದಿಲ್ಲ. ಹೊಟ್ಟೆ ಬಿಗಿದು ಉಬ್ಬುತ್ತಿದೆ. ಅಜೀರ್ಣವಿರಬೇಕೆಂದು ಮನೆಯವರು ಜೀರಿಗೆ ನೀರು ಕುಡಿಸಿ, ಬೆಳಿಗ್ಗೆ ಡಾಕ್ಟರ ಬಳಿ ಕರೆದೊಯ್ದರಾಯಿತು ಎಂದು ದೀಪ ಆರಿಸುತ್ತಾರೆ. ಬೆಳಗಾಗುವಷ್ಟರಲ್ಲಿ ನಾಯಿ ಸತ್ತಿರುತ್ತದೆ.

ಪಶುವೈದ್ಯರಿಗೆ ಈ ಪ್ರಸಂಗ ಹೊಸದಲ್ಲ. ಜಠರವು ವಾಯುವಿನಿಂದ ಉಬ್ಬಿ ತಿರುಚಿಕೊಳ್ಳುವ ಈ ಸ್ಥಿತಿಯಲ್ಲಿ ರಕ್ತಸಂಚಾರ ಕಡಿದುಹೋಗುತ್ತದೆ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಯ ದೊಡ್ಡ ತಳಿಗಳಲ್ಲಿ ಇದು ಹೆಚ್ಚು. ಶಸ್ತ್ರಚಿಕಿತ್ಸೆಯೊಂದೇ ಪರಿಹಾರ, ಅದೂ ಕೆಲವೇ ಗಂಟೆಗಳೊಳಗೆ ಆಗಬೇಕು. ಆ ಕೆಲವು ಗಂಟೆಗಳಲ್ಲಿ ಎರಡು ಗಂಟೆ ಯಾವ ಆಸ್ಪತ್ರೆ ತೆರೆದಿದೆ ಎಂದು ಹುಡುಕುವುದರಲ್ಲೇ ಕಳೆದುಹೋಗುತ್ತದೆ ಎಂಬುದು ರಾಜ್ಯದ ಬಹುತೇಕ ನಗರಗಳಲ್ಲಿ ನಾಯಿ, ಬೆಕ್ಕು ಸಾಕಿದವರ ಅನುಭವ.

ಆಸ್ಪತ್ರೆಗಳಿವೆ, ಆದರೆ...

ರಾಜ್ಯದಲ್ಲಿ ಸರ್ಕಾರಿ ಪಶುವೈದ್ಯಕೀಯ ಸಂಸ್ಥೆಗಳಿಗೆ ಬರವಿಲ್ಲ. ಗ್ರಾಮ ಮಟ್ಟದ ಚಿಕಿತ್ಸಾಲಯದಿಂದ ಹಿಡಿದು ಜಿಲ್ಲಾ ಆಸ್ಪತ್ರೆಯವರೆಗೆ ನಾಲ್ಕು ಸಾವಿರಕ್ಕೂ ಅಧಿಕ ಸಂಸ್ಥೆಗಳಿವೆ. ಆದರೆ ಈ ವ್ಯವಸ್ಥೆ ರೂಪುಗೊಂಡದ್ದು ಹಸು, ಎಮ್ಮೆ, ಕುರಿ, ಮೇಕೆಗಳಿಗಾಗಿ, ಅಂದರೆ ರೈತನ ಬದುಕಿಗಾಗಿ. ಅದು ಸಹಜವೂ ಹೌದು. ಹೀಗಾಗಿ ನಗರದ ನಾಯಿಯ ಸೀಳಿದ ಹೊಟ್ಟೆಗೆ ರಾತ್ರಿ ಒಂದು ಗಂಟೆಗೆ ಹೊಲಿಗೆ ಹಾಕುವ ಸೌಲಭ್ಯವನ್ನು ಎಲ್ಲ ಕಡೆ ನಿರೀಕ್ಷಿಸುವಂತಿಲ್ಲ.

ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರದ ಸೂಪರ್ ಸ್ಪೆಷಾಲಿಟಿ ಪಶು ಆಸ್ಪತ್ರೆಯಿದೆ. ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲಿಯೂ ಪಶುವೈದ್ಯಕೀಯ ಕಾಲೇಜುಗಳಿದ್ದು, ಅವುಗಳ ಬೋಧನಾ ಆಸ್ಪತ್ರೆಗಳಲ್ಲಿ ತಜ್ಞರು, ಎಕ್ಸ್‌ರೇ, ಸ್ಕ್ಯಾನಿಂಗ್, ಶಸ್ತ್ರಚಿಕಿತ್ಸೆ ಸೌಲಭ್ಯಗಳು ಖಾಸಗಿ ಆಸ್ಪತ್ರೆಗಿಂತ ಕಡಿಮೆ ಖರ್ಚಿನಲ್ಲಿ ದೊರೆಯುತ್ತವೆ. ಈ ಊರುಗಳ ಅನೇಕರಿಗೆ ಇದೇ ತಿಳಿದಿಲ್ಲ. ಹೊರರೋಗಿ ವಿಭಾಗದ ವೇಳೆ, ರಜಾದಿನದ ಪಾಳಿ ಮುಂತಾದವನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

1962 ಎಂಬ ಉಚಿತ ದೂರವಾಣಿ ಸಂಖ್ಯೆ ಅನೇಕರ ಬಾಯಲ್ಲಿದೆ. ಕೇಂದ್ರದ ಸಂಚಾರಿ ಪಶುಚಿಕಿತ್ಸಾ ಯೋಜನೆಯಡಿ ರಾಜ್ಯದಲ್ಲಿ 2022ರಲ್ಲಿ ‘ಪಶು ಸಂಜೀವಿನಿ’ ಹೆಸರಿನಲ್ಲಿ 275 ವಾಹನಗಳ ಸೇವೆ ಜಾರಿಗೆ ಬಂತು. ವೈದ್ಯರು, ಸಹಾಯಕರು ಹಾಗೂ ಚಾಲಕರಿರುವ ಈ ವಾಹನಗಳು ರೈತರ ಮನೆಬಾಗಿಲಿಗೆ ಹೋಗುತ್ತವೆ. ಕರೆ ಮಾಡಿ ಸಲಹೆ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಇದು ಮುಖ್ಯವಾಗಿ ಜಾನುವಾರುಗಳಿಗಾಗಿ ರೂಪಿಸಿದ ಸೇವೆ. ಮಧ್ಯರಾತ್ರಿ ಬಡಾವಣೆಯ ಮೂರನೆಯ ಮಹಡಿಗೆ ಬಂದು ಬೆಕ್ಕನ್ನು ನೋಡುತ್ತದೆಂದು ನೆಚ್ಚಿ ಕೂರುವಂತಿಲ್ಲ.

ಉಳಿದದ್ದು ಖಾಸಗಿ ಆಸ್ಪತ್ರೆಗಳು. ಬೆಂಗಳೂರಿನಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಖಾಸಗಿ ಆಸ್ಪತ್ರೆಗಳಿವೆ. ರಾಜಧಾನಿಯಿಂದ ದೂರ ಹೋದಂತೆ ಇಂಥವು ವಿರಳವಾಗುತ್ತವೆ. ಜಿಲ್ಲಾ ಕೇಂದ್ರಗಳಲ್ಲಿ ಬಹಳ ಕಡೆ ಸಂಜೆಯ ಹೊತ್ತು ಕ್ಲಿನಿಕ್ ನಡೆಸುವ ಒಬ್ಬಿಬ್ಬರು ವೈದ್ಯರೇ ಇಡೀ ಊರಿಗೆ ಆಧಾರ.

ಇಲ್ಲಿ ಒಂದು ಸೂಕ್ಷ್ಮವಿದೆ. ‘24 ಗಂಟೆ ಸೇವೆ’ ಎಂಬ ಫಲಕಕ್ಕೆ ಎರಡು ಅರ್ಥಗಳುಂಟು. ವೈದ್ಯರು ರಾತ್ರಿಯಿಡೀ ಆಸ್ಪತ್ರೆಯಲ್ಲೇ ಇರುತ್ತಾರೆ ಎಂಬುದು ಒಂದು. ಕಾವಲಿನವನೋ ಸಹಾಯಕನೋ ಇದ್ದು, ಕರೆ ಮಾಡಿದರೆ ವೈದ್ಯರು ಮನೆಯಿಂದ ಹೊರಟು ಬರುತ್ತಾರೆ ಎಂಬುದು ಇನ್ನೊಂದು. ಉಸಿರಾಡಲಾಗದ ಪ್ರಾಣಿಯ ಪಾಲಿಗೆ ಇವೆರಡರ ನಡುವಿನ ಅಂತರ ಮುಕ್ಕಾಲು ಗಂಟೆ. ಅಂತರ್ಜಾಲದ ನಕ್ಷೆಗಳಲ್ಲಿ ತೋರಿಸುವ ವೇಳೆಯನ್ನೂ ಪೂರ್ತಿ ನಂಬಲಾಗದು. ಮುಚ್ಚಿಹೋದ ಕ್ಲಿನಿಕ್ಕುಗಳೂ ಅಲ್ಲಿ ತೆರೆದೇ ಇರುತ್ತವೆ.

ಆದ್ದರಿಂದ ಪ್ರಾಣಿ ಆರೋಗ್ಯವಾಗಿರುವಾಗಲೇ ಒಂದು ದಿನ ರಾತ್ರಿ ಹತ್ತರ ನಂತರ ಆಯ್ದ ಎರಡು, ಮೂರು ಆಸ್ಪತ್ರೆಗಳಿಗೆ ಕರೆ ಮಾಡಿ ನೋಡುವುದೊಳಿತು. ಫೋನನ್ನು ಯಾರಾದರೂ ಎತ್ತುತ್ತಾರೆಯೇ? ಈ ಹೊತ್ತಿನಲ್ಲಿ ವೈದ್ಯರು ಅಲ್ಲೇ ಇದ್ದಾರೆಯೇ? ಆಮ್ಲಜನಕ, ಎಕ್ಸ್‌ರೇ ಇದೆಯೇ? ರಾತ್ರಿ ಶಸ್ತ್ರಚಿಕಿತ್ಸೆ ಮಾಡುತ್ತಾರೆಯೇ? ಒಳರೋಗಿಯಾಗಿ ಇರಿಸಿಕೊಂಡರೆ ಬೆಳಗಿನವರೆಗೆ ನೋಡಿಕೊಳ್ಳುವವರಿದ್ದಾರೆಯೇ? ಮುಂಗಡ ಎಷ್ಟು ಕಟ್ಟಬೇಕು? ಬೆಕ್ಕನ್ನಾಗಲಿ, ಮೊಲ, ಗಿಳಿಗಳನ್ನಾಗಲಿ ಸಾಕಿದವರು ಅವುಗಳಿಗೆ ಚಿಕಿತ್ಸೆ ನೀಡುವರೇ ಎಂದೂ ಕೇಳಬೇಕು. ಎಲ್ಲ ವೈದ್ಯರೂ ಎಲ್ಲ ಪ್ರಾಣಿಗಳನ್ನು ನೋಡುವುದಿಲ್ಲ. ಹತ್ತು ನಿಮಿಷದ ಈ ವಿಚಾರಣೆಯಿಂದ ಯಾವ ಫಲಕ ನಿಜ, ಯಾವುದು ಅಲ್ಲ ಎಂಬುದು ಗೊತ್ತಾಗುತ್ತದೆ.

ಮತ್ತೊಂದು ಪ್ರಶ್ನೆ ವಾಹನದ್ದು. ನಲವತ್ತು ಕಿಲೋ ತೂಗುವ, ರಕ್ತ ಸುರಿಯುತ್ತಿರುವ ನಾಯಿಯನ್ನು ಹತ್ತಿಸಿಕೊಳ್ಳಲು ರಾತ್ರಿ ಎಲ್ಲ ಆಟೋ ಚಾಲಕರೂ ಒಪ್ಪುವುದಿಲ್ಲ. ಸ್ವಂತ ಕಾರಿಲ್ಲದವರು ಪರಿಚಯದ ಚಾಲಕರೊಬ್ಬರೊಂದಿಗೆ ಮೊದಲೇ ಮಾತನಾಡಿಕೊಂಡಿರಬೇಕು. ನೆರೆಯವರ ಕಾರು ಇನ್ನೂ ಒಳ್ಳೆಯದು. ಸೀಟಿಗೆ ಹಾಸಲು ಹಳೆಯ ಜಮಖಾನವನ್ನು ತಾವೇ ಒಯ್ದರೆ ನೆರೆಯವರ ಮನಸ್ಸೂ ಕೆಡುವುದಿಲ್ಲ.

ಯಾವುದು ತುರ್ತು, ಯಾವುದು ಅಲ್ಲ

ಒಂದು ಸಲ ವಾಂತಿ ಮಾಡಿ, ಮತ್ತೆ ಬಾಲವಾಡಿಸುತ್ತ ತಿರುಗಾಡುವ ನಾಯಿಯನ್ನು ನಡುರಾತ್ರಿ ಹೊತ್ತೊಯ್ಯಬೇಕಿಲ್ಲ. ಬೆಳಗಿನವರೆಗೆ ಕಾಯಲಾಗದ ಸ್ಥಿತಿಯನ್ನು ಗುರುತಿಸಲು ವಸಡು ಒಳ್ಳೆಯ ಸಾಧನ. ಆರೋಗ್ಯವಂತ ನಾಯಿಯ ವಸಡು ತಿಳಿಗೆಂಪಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾದ ಜಾಗ ಎರಡು ಸೆಕೆಂಡುಗಳೊಳಗೆ ಮತ್ತೆ ಕೆಂಪಾಗಬೇಕು. ವಸಡು ಬಿಳಿಚಿದ್ದರೆ, ನೀಲಿಗಟ್ಟಿದ್ದರೆ, ಹಳದಿಯಾಗಿದ್ದರೆ ತಡಮಾಡುವಂತಿಲ್ಲ. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪಗಿರುತ್ತದೆ. ಅಂಥವುಗಳ ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡಬೇಕು.

ನಿದ್ರೆಯಲ್ಲಿರುವ ನಾಯಿ ಅಥವಾ ಬೆಕ್ಕಿನ ಉಸಿರಾಟ ಸಾಮಾನ್ಯವಾಗಿ ನಿಮಿಷಕ್ಕೆ ಮೂವತ್ತನ್ನು ಮೀರುವುದಿಲ್ಲ. ಮಲಗಿದಾಗಲೂ ನಲವತ್ತು ದಾಟಿದರೆ ಹೃದಯ ಅಥವಾ ಶ್ವಾಸಕೋಶದ ತೊಂದರೆಯ ಶಂಕೆ. ನಾಯಿ ಬಾಯಿ ತೆರೆದು ತೇಕುವುದು ಸಹಜ. ವಿಶ್ರಾಂತಿಯಲ್ಲಿರುವ ಬೆಕ್ಕು ಬಾಯಿ ತೆರೆದು ಉಸಿರಾಡುವುದು ಎಂದಿಗೂ ಸಹಜವಲ್ಲ.

ಗಂಡು ಬೆಕ್ಕುಗಳ ವಿಷಯದಲ್ಲಿ ಆಗುವ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಬೆಕ್ಕು ಮರಳಿನ ತಟ್ಟೆಯಲ್ಲಿ ಮತ್ತೆ ಮತ್ತೆ ಕೂತು ತಿಣುಕುತ್ತದೆ. ಮಲಬದ್ಧತೆ ಎಂದು ತಿಳಿದು ಮನೆಯವರು ಹರಳೆಣ್ಣೆ ಹಾಕುತ್ತಾರೆ. ವಾಸ್ತವದಲ್ಲಿ ಕಟ್ಟಿಕೊಂಡಿರುವುದು ಮೂತ್ರ. ಮೂತ್ರನಾಳ ಪೂರ್ತಿ ಮುಚ್ಚಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನಗಳಲ್ಲೇ ಹೃದಯ ನಿಲ್ಲಬಹುದು. ಮೂತ್ರ ಹೊರಬಂದಿದೆಯೇ ಎಂದು ತಟ್ಟೆಯನ್ನು ಪರೀಕ್ಷಿಸಿದರೆ ಸಂಶಯ ಬಗೆಹರಿಯುತ್ತದೆ.

ಫಿಟ್ಸ್ ಬಂದ ನಾಯಿಯ ಬಾಯಿಗೆ ಚಮಚ, ಕೈಗೆ ಬೀಗದ ಕೈ ಎಂಬ ನಂಬಿಕೆಗಳು ಮನುಷ್ಯರಿಂದ ಪ್ರಾಣಿಗಳಿಗೂ ಹಬ್ಬಿವೆ. ಬಾಯಿಗೆ ಕೈ ಹಾಕಿದವರ ಬೆರಳಿಗೇ ಅಪಾಯ. ಸುತ್ತಲಿನ ಮೇಜು, ಕುರ್ಚಿ ಸರಿಸಿ, ದೀಪ ಮಂದಗೊಳಿಸಿ, ಗಡಿಯಾರ ನೋಡಬೇಕು. ಐದು ನಿಮಿಷಕ್ಕೂ ಮೀರಿ ಮುಂದುವರಿದರೆ, ಒಂದೇ ದಿನ ಮತ್ತೆ ಮತ್ತೆ ಬಂದರೆ ಹೊರಡಬೇಕು. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ವೈದ್ಯರಿಗೆ ಸಹಾಯ.

ಬೇಸಿಗೆಯಲ್ಲಿ ಪಗ್, ಶಿತ್ಜು, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಬಿಸಿಲಾಘಾತ ಬೇಗ ತಗಲುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಂತೂ ಮಧ್ಯಾಹ್ನದ ನಡಿಗೆಯೇ ಸಾಕು. ನಾಯಿಯ ಸಹಜ ದೇಹೋಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ತಾಪ 104 ದಾಟಿ ನಾಯಿ ತೂರಾಡುತ್ತಿದ್ದರೆ ಮೊದಲು ತಂಪು, ಅನಂತರ ಪ್ರಯಾಣ. ಮೈಯೆಲ್ಲ ನೆನೆಯುವಂತೆ ನಲ್ಲಿಯ ನೀರು ಸುರಿದು ಫ್ಯಾನಿನ ಗಾಳಿಗೆ ಒಡ್ಡಬೇಕು. ಒದ್ದೆ ಟವೆಲನ್ನು ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ತಾಪ 103ಕ್ಕೆ ಇಳಿದೊಡನೆ ನೀರು ನಿಲ್ಲಿಸಿ ಆಸ್ಪತ್ರೆಗೆ ಹೊರಡಬೇಕು.

ಮೂರು, ನಾಲ್ಕು ತಿಂಗಳ ಮರಿಗೆ ರಕ್ತಮಿಶ್ರಿತ ಭೇದಿಯಾದರೆ ಪಾರ್ವೊ ಎಂದೇ ಭಾವಿಸಿ ಅಂದೇ ತೋರಿಸಬೇಕು. ಹೆರಿಗೆ ನೋವಿನಲ್ಲಿರುವ ನಾಯಿ ಅರ್ಧ ಗಂಟೆ ಬಲವಾಗಿ ತಿಣುಕಿದರೂ ಮರಿ ಬಾರದಿದ್ದರೆ ಅದೂ ತುರ್ತೇ.

ಹಾವು ಕಚ್ಚಿದಾಗ

ಮಲೆನಾಡು, ಕರಾವಳಿಯ ತೋಟದ ಮನೆಗಳಲ್ಲಿ ಮಾತ್ರವಲ್ಲದೆ ಬೆಂಗಳೂರಿನ ಹೊರವಲಯದ ಹೊಸ ಬಡಾವಣೆಗಳಲ್ಲಿಯೂ ನಾಯಿಗಳು ಹಾವಿಗೆ ಎದುರಾಗುತ್ತವೆ. ಮೂಸಲು ಹೋಗಿ ಕಚ್ಚಿಸಿಕೊಳ್ಳುವುದರಿಂದ ಗಾಯ ಹೆಚ್ಚಾಗಿ ಮೂತಿ ಅಥವಾ ಮುಂಗಾಲಿನ ಮೇಲಿರುತ್ತದೆ. ಕೊಳಕುಮಂಡಲ ಕಚ್ಚಿದರೆ ಬಾವು ವೇಗವಾಗಿ ಏರುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ, ಮೂತ್ರ ಕೆಂಪಾಗಬಹುದು. ನಾಗರಹಾವು, ಕಟ್ಟುಹಾವುಗಳ ವಿಷ ನರಗಳಿಗೆ ತಗಲುವುದರಿಂದ ರೆಪ್ಪೆ ಜೋಲುವುದು, ಜೊಲ್ಲು, ಹಿಂಗಾಲು ಸೋಲುವುದು, ಕೊನೆಗೆ ಉಸಿರಾಟ ನಿಲ್ಲುವುದು. ಕಟ್ಟುಹಾವಿನ ಕಡಿತದಲ್ಲಿ ಗಾಯದ ಗುರುತೇ ಕಾಣದಿರಬಹುದು.

ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ನಾಟಿ ಔಷಧಿಗೆಂದು ಊರೂರು ಅಲೆಯುವುದು ಇವೆಲ್ಲ ಸಮಯ ತಿನ್ನುವ ಕೆಲಸಗಳು. ಕೊರಳಪಟ್ಟಿಯನ್ನು ಬಿಚ್ಚಿ, ಏಕೆಂದರೆ ಬಾವು ಕುತ್ತಿಗೆಗೆ ಇಳಿಯಬಹುದು, ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಬೇಕು. ಹಾವನ್ನು ಹಿಡಿಯಲು, ಕೊಲ್ಲಲು ಹೋಗಿ ಮನೆಯವರೂ ಕಚ್ಚಿಸಿಕೊಳ್ಳಬಾರದು; ದೂರದಿಂದ ಒಂದು ಚಿತ್ರ ಸಿಕ್ಕರೆ ಸಾಕು.

ಪ್ರಾಣಿಗಳಿಗೂ ನೀಡುವುದು ಮನುಷ್ಯರಿಗೆ ನೀಡುವ ಪ್ರತಿವಿಷವನ್ನೇ. ಕುದುರೆಗಳ ರಕ್ತದಿಂದ ತಯಾರಿಸುವ ಇದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಕೆಲಸ ಮಾಡುತ್ತದೆ. ದೇಹಕ್ಕೆ ಸೇರಿದ ವಿಷವನ್ನು ಅಳಿಸುವ ಔಷಧಿಯಾದ್ದರಿಂದ ನಾಯಿ ಚಿಕ್ಕದೆಂದು ಪ್ರಮಾಣ ಕಡಿಮೆಯಾಗುವುದಿಲ್ಲ. ಹಲವು ವಯಲ್‌ಗಳು ಬೇಕಾಗಬಹುದು, ಖರ್ಚೂ ಏರುತ್ತದೆ. ಎಲ್ಲ ಪಶು ಚಿಕಿತ್ಸಾಲಯಗಳಲ್ಲಿ ಇದರ ದಾಸ್ತಾನಿರುವುದಿಲ್ಲ. ತೋಟದ ಮನೆಯವರು ತಮ್ಮ ಸಮೀಪದಲ್ಲಿ ಪ್ರತಿವಿಷ ಎಲ್ಲಿ ದೊರೆಯುತ್ತದೆ, ರಾತ್ರಿ ತೆರೆದಿರುವ ಔಷಧಿ ಅಂಗಡಿ ಯಾವುದು ಎಂಬುದನ್ನು ಮಳೆಗಾಲಕ್ಕೆ ಮೊದಲೇ ತಿಳಿದಿರಬೇಕು. ಹಾಗೆಂದು ಅದನ್ನು ತಂದು ಮನೆಯಲ್ಲಿ ಚುಚ್ಚುವಂತಿಲ್ಲ. ಒಗ್ಗದಿಕೆಯಿಂದ ಪ್ರಾಣಿ ಅಲ್ಲೇ ಕುಸಿಯಬಹುದು.

ಮಳೆಗಾಲದಲ್ಲಿ ನೆಲಗಪ್ಪೆಯನ್ನು ಕಚ್ಚಿದ ನಾಯಿಯ ಬಾಯಲ್ಲೂ ನೊರೆ ಬರುತ್ತದೆ. ತಲೆಯನ್ನು ಕೆಳಮುಖವಾಗಿ ಹಿಡಿದು ಒದ್ದೆ ಬಟ್ಟೆಯಿಂದ ವಸಡು, ನಾಲಿಗೆ ಒರೆಸಿದರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ನಡುಕ ಕಂಡರೆ ಮಾತ್ರ ಆಸ್ಪತ್ರೆಯೇ ಗತಿ.

ಮನೆಯೊಳಗಿನ ವಿಷ

ಜ್ವರ ಬಂದ ಬೆಕ್ಕಿಗೆ ಪ್ರೀತಿಯಿಂದ ಕೊಟ್ಟ ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ಅದರ ಪ್ರಾಣ ತೆಗೆಯಬಹುದು. ಬೆಕ್ಕಿನ ಯಕೃತ್ತಿಗೆ ಈ ಔಷಧಿಯನ್ನು ಕರಗಿಸುವ ಶಕ್ತಿಯಿಲ್ಲ. ರಕ್ತ ಆಮ್ಲಜನಕವನ್ನು ಹೊರಲಾರದೆ ವಸಡು ಕಂದುಬಣ್ಣಕ್ಕೆ ತಿರುಗುತ್ತದೆ. ನಾಯಿಯ ಉಣ್ಣಿಗೆಂದು ತಂದ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಚ್ಚುವುದೂ ಅಷ್ಟೇ ಅಪಾಯಕಾರಿ. ಐಬುಪ್ರೊಫೇನ್ ನಾಯಿಯ ಜಠರ, ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಅಡುಗೆಮನೆಯಲ್ಲಿ ಚಾಕೊಲೆಟ್, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ನಾಯಿಗೆ ವರ್ಜ್ಯ. ಪಾಯಸದಲ್ಲಿನ ಒಣದ್ರಾಕ್ಷಿಯೂ ಇದರಲ್ಲಿ ಸೇರಿತು. ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಲ್ಲಿರುವ ಝೈಲಿಟಾಲ್ ಒಂದು ಗಂಟೆಯೊಳಗೆ ನಾಯಿಯ ರಕ್ತದ ಸಕ್ಕರೆಯನ್ನು ತೀರ ಕೆಳಗಿಳಿಸಬಲ್ಲದು. ಹಿತ್ತಲಿನ ಕಣಗಿಲೆ ಹೃದಯಕ್ಕೆ ವಿಷ. ತೋಟಗಳಲ್ಲಿ ಬಸವನಹುಳುಗಳಿಗೆ ಇಡುವ ಮೆಟಾಲ್ಡಿಹೈಡ್ ತಿಂದ ನಾಯಿಗೆ ಎಡೆಬಿಡದ ಸೆಳೆತ ಬರುತ್ತದೆ.

ಇಲಿ ಪಾಷಾಣದ್ದು ಬೇರೆಯೇ ಕಥೆ. ಬ್ರೊಮಾಡಿಯೊಲೋನ್ ಇರುವ ಬಿಲ್ಲೆಯನ್ನು ತಿಂದ ನಾಯಿ ಎರಡು, ಮೂರು ದಿನ ಚೆನ್ನಾಗಿಯೇ ಇರುತ್ತದೆ. ಅನಂತರ ಒಳಗೊಳಗೇ ರಕ್ತ ಸೋರತೊಡಗುತ್ತದೆ. ತಿಂದ ದಿನವೇ ವೈದ್ಯರಿಗೆ ತೋರಿಸಿದರೆ ವಿಟಮಿನ್ ಕೆ ಚಿಕಿತ್ಸೆಯಿಂದ ಬದುಕಿಸಬಹುದು. ಸತುವಿನ ಫಾಸ್ಫೈಡ್ ಇರುವ ಕಪ್ಪುಪುಡಿಯಾದರೆ ಜಠರದಲ್ಲಿ ವಿಷಾನಿಲ ಉಂಟಾಗುತ್ತದೆ. ಆ ವಾಂತಿಯ ಗಾಳಿ ಮನುಷ್ಯರಿಗೂ ಕೆಡುಕು. ಕಾರಿನ ಗಾಜುಗಳನ್ನು ಇಳಿಸಿಯೇ ಒಯ್ಯಬೇಕು. ಚಿಕಿತ್ಸೆ ಬೇರೆ ಬೇರೆಯಾದ್ದರಿಂದ ಖಾಲಿ ಪೊಟ್ಟಣವನ್ನೂ ಆಸ್ಪತ್ರೆಗೆ ಒಯ್ಯುವುದು ಅತ್ಯಗತ್ಯ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿಯನ್ನು ಕೈಬಿಡಬೇಕು. ಉಪ್ಪೇ ವಿಷವಾದ ಉದಾಹರಣೆಗಳಿವೆ. ಸೀಮೆಎಣ್ಣೆ, ಆಸಿಡ್, ಫಿನಾಯಿಲ್ ಕುಡಿದ ಪ್ರಾಣಿ ವಾಂತಿ ಮಾಡಿದರೆ ಗಂಟಲು, ಶ್ವಾಸಕೋಶ ಎರಡನೆಯ ಸಲ ಸುಡುತ್ತವೆ. ವಾಂತಿ ಮಾಡಿಸಬೇಕೇ ಬೇಡವೇ ಎಂಬುದನ್ನು ಫೋನಿನಲ್ಲಿ ವೈದ್ಯರೇ ಹೇಳಲಿ.

ಕಪಾಟಿನಲ್ಲಿ ಇರಬೇಕಾದ್ದು

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ದುಬಾರಿಯದಲ್ಲ. ಡಿಜಿಟಲ್ ಥರ್ಮಾಮೀಟರ್, ಹತ್ತಿ, ಗಾಜ್ ಬಟ್ಟೆ, ಬ್ಯಾಂಡೇಜ್ ಸುರುಳಿ, ಕತ್ತರಿ, ಪೊವಿಡೋನ್ ಅಯೋಡಿನ್, ಕಣ್ಣು ಮತ್ತು ಗಾಯ ತೊಳೆಯಲು ಸಲೈನ್ ಬಾಟಲಿ, ಟಾರ್ಚು, ಹೆಚ್ಚುವರಿ ಬೆಲ್ಟು, ದಪ್ಪ ಟವೆಲು, ಸ್ಟ್ರೆಚರ್‌ನಂತೆ ಬಳಸಲು ಗಟ್ಟಿ ಬೆಡ್‌ಶೀಟು. ಅಪಘಾತಕ್ಕೀಡಾದ ನಾಯಿ ಒಡೆಯನನ್ನೂ ಕಚ್ಚುತ್ತದೆ. ನೋವಿಗೆ ಸಿಟ್ಟಿನ ವಿವೇಚನೆಯಿಲ್ಲ. ಗಾಜ್ ಪಟ್ಟಿಯಿಂದ ಬಾಯಿ ಕಟ್ಟಬಹುದು. ಆದರೆ ವಾಂತಿ ಮಾಡುತ್ತಿರುವ, ಉಸಿರು ಕಟ್ಟಿರುವ ಅಥವಾ ಚಪ್ಪಟೆ ಮೂಗಿನ ನಾಯಿಗೆ ಕಟ್ಟಬಾರದು. ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ಒಯ್ಯುವುದು ಕ್ಷೇಮ.

ಲಸಿಕೆ ಪುಸ್ತಕ, ಸೇವಿಸುತ್ತಿರುವ ಔಷಧಿಗಳ ವಿವರ, ಇತ್ತೀಚಿನ ತೂಕ ಒಂದೇ ಹಾಳೆಯಲ್ಲಿರಲಿ. ಔಷಧಿಯ ಪ್ರಮಾಣವೆಲ್ಲ ಕಿಲೋ ಲೆಕ್ಕದಲ್ಲಿ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ತಮ್ಮ ತೂಕ ಕಳೆದರೆ ಲೆಕ್ಕ ಸಿಗುತ್ತದೆ.

ಹೊರಡುವ ಮೊದಲು ಒಂದು ಕರೆ ಮಾಡಿದರೆ ಆಸ್ಪತ್ರೆಯವರು ಸಿದ್ಧವಾಗಿರುತ್ತಾರೆ. ಯಾವ ಪ್ರಾಣಿ, ವಯಸ್ಸು, ತೂಕ, ಏನಾಯಿತು, ಎಷ್ಟು ಹೊತ್ತಾಯಿತು, ವಸಡಿನ ಬಣ್ಣ ಹೇಗಿದೆ ಎಂಬಷ್ಟನ್ನು ಹೇಳಿದರೆ ಸಾಕು. ಕಾಂಪೌಂಡರ್ ಅನುಭವ ಇದ್ದವರೆಂದು ಯಾರನ್ನೋ ಮನೆಗೆ ಕರೆಸಿ ಇಂಜೆಕ್ಷನ್ ಹಾಕಿಸುವ ರೂಢಿ ಸಣ್ಣ ಊರುಗಳಲ್ಲಿದೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯ ವೃತ್ತಿ ನಡೆಸುವವರು ನೋಂದಾಯಿತರಾಗಿರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚಪಡಬೇಕಿಲ್ಲ.

ಗಂಟಲಿನಲ್ಲಿ ಮೂಳೆಯೇ?

ನಾಯಿಯ ದವಡೆ ಜೋತುಬಿದ್ದಿದೆ, ಜೊಲ್ಲು ಸುರಿಯುತ್ತಿದೆ, ನುಂಗಲಾಗುತ್ತಿಲ್ಲ, ಧ್ವನಿ ಬದಲಾಗಿದೆ. ಗಂಟಲಿನಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವವರಿದ್ದಾರೆ. ಇದು ಹುಚ್ಚುನಾಯಿ ರೋಗದ ಒಂದು ಬಗೆಯ ಲಕ್ಷಣವೂ ಆಗಿರಬಹುದು. ಈ ಬಗೆಯಲ್ಲಿ ನಾಯಿ ಯಾರ ಮೇಲೂ ಎರಗುವುದಿಲ್ಲ, ಮೂಲೆಯಲ್ಲಿ ಸುಮ್ಮನೆ ಮಲಗಿರುತ್ತದೆ. ಲಸಿಕೆ ಹಾಕಿಸದ ನಾಯಿಯಾದರೆ ಬರಿಗೈಯಿಂದ ಮುಟ್ಟದೆ, ಪ್ರತ್ಯೇಕವಾಗಿರಿಸಿ ಪಶುವೈದ್ಯರಿಗೆ ತಿಳಿಸಬೇಕು.

ಗಡಿಬಿಡಿಯಲ್ಲಿ ಯಾರಿಗಾದರೂ ಹಲ್ಲು ತಾಗಿದ್ದರೆ, ಜೊಲ್ಲು ಗಾಯಕ್ಕೆ ತಗಲಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಮನುಷ್ಯರ ಆಸ್ಪತ್ರೆಗೆ ಹೋಗಬೇಕು. ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರಿಗಾಗಲಿ ನಾಯಿಗಾಗಲಿ ಚಿಕಿತ್ಸೆಯಿಲ್ಲ.

ನಿರ್ಧಾರ ಯಾರದು?

ಪ್ರಾಣಿಗೆ ಅಪಾಯ ಒದಗಿದಾಗ ಅದರ ಒಡೆಯರು ಮನೆಯಲ್ಲೇ ಇರುತ್ತಾರೆಂಬ ಖಾತರಿಯಿಲ್ಲ. ಗಂಡ, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ವಯಸ್ಸಾದ ಅಜ್ಜಿಯೋ ಮನೆಗೆಲಸದವರೋ ಇರುತ್ತಾರೆ. ಅವರು ಪ್ರಾಣಿಯನ್ನು ಆಸ್ಪತ್ರೆಗೆ ತಲುಪಿಸಿದರೂ ಅರಿವಳಿಕೆ ನೀಡಲು, ಶಸ್ತ್ರಚಿಕಿತ್ಸೆಗೆ ಸಹಿ ಹಾಕುವವರು ಯಾರು, ಹಣ ಕಟ್ಟುವವರು ಯಾರು ಎಂಬಲ್ಲಿಗೆ ಎಲ್ಲವೂ ನಿಲ್ಲುತ್ತದೆ. ಸಾಕುನಾಯಿಗಳಿಗೆ ಈಗ ವಿಮೆ ದೊರೆಯುತ್ತದಾದರೂ ಮೊದಲೇ ಇದ್ದ ಕಾಯಿಲೆಗಳಿಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕೈಯಿಂದ ಕಟ್ಟಿ ಆಮೇಲೆ ಪಡೆಯಬೇಕಾದ ಸಂದರ್ಭಗಳೇ ಹೆಚ್ಚು.

ಇದಕ್ಕೆ ಪರಿಹಾರ ಒಂದು ಚಿಕ್ಕ ಪತ್ರ. ತಾವು ಸಂಪರ್ಕಕ್ಕೆ ಸಿಗದಿದ್ದರೆ ಇಂಥವರು ನಿರ್ಧರಿಸಬಹುದು, ಇಷ್ಟು ಮೊತ್ತದವರೆಗೆ ಚಿಕಿತ್ಸೆ ನಡೆಯಲಿ ಎಂದು ಬರೆದು, ಸಹಿ ಮಾಡಿ, ನಿತ್ಯ ತೋರಿಸುವ ವೈದ್ಯರಲ್ಲಿ ಒಂದು ಪ್ರತಿಯನ್ನೂ ಲಸಿಕೆ ಪುಸ್ತಕದಲ್ಲಿ ಒಂದು ಪ್ರತಿಯನ್ನೂ ಇಡಬೇಕು. ಬದುಕುವ ಭರವಸೆಯಿಲ್ಲದೆ ನರಳುವ ಪ್ರಾಣಿಗೆ ದಯಾಮರಣ ನೀಡಬಹುದೇ ಎಂಬ ಸಾಲನ್ನು ಸೇರಿಸಲು ಹೆಚ್ಚಿನವರು ಹಿಂಜರಿಯುತ್ತಾರೆ. ರಾತ್ರಿ ಎರಡು ಗಂಟೆಗೆ ಆ ಮಾತನ್ನು ವೈದ್ಯರು ಕೇಳಬೇಕಾಗುವುದು ಎದುರಿಗೆ ನಿಂತ ಅಜ್ಜಿಯನ್ನೇ.